ಆ ಮುಕ್ಕಾಲು ಗಂಟೆ

ಶಿಸ್ತು ಸಮಿತಿಯ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕನ್ನಡ ಪಾಠ ಹೇಳುವವನು ಅಂದಮೇಲೆ ಕಾಲೇಜಿನ ಬರವಣಿಗೆಯೆಲ್ಲ ಅವನದೇ. ಸಮಿತಿಯಲ್ಲಿ ನನ್ನ ಜೊತೆ ಇದ್ದವರು ಇಬ್ಬರು. ಒಬ್ಬರು ಬರುವ ಮೇ ತಿಂಗಳಿಗೆ ನಿವೃತ್ತರಾಗುವ ದೈಹಿಕ ಶಿಕ್ಷಣ ನಿರ್ದೇಶಕರು. ಮೂವತ್ತು ವರ್ಷದಿಂದ ಊರಿಗೆಲ್ಲ ಮೇಷ್ಟ್ರು. ಇನ್ನೊಬ್ಬರು ಅವರ ಕೈಯಲ್ಲೇ ಪಳಗಿದ 800 ಮೀಟರ್ ಓಟಗಾರ್ತಿ, ಈಗ ನಮ್ಮಲ್ಲಿ ಕೋಚ್. ಮೈದಾನದ ಆಚೆ ಬದಿ, ಹುಡುಗಿಯರ ಹಾಸ್ಟೆಲ್ಲಿನ ಕ್ವಾರ್ಟರ್ಸಿನಲ್ಲಿ ಇರುತ್ತಾರೆ.

ನಡೆದದ್ದು ಇಷ್ಟು. ಶನಿವಾರ ಪಕ್ಕದ ಹೋಬಳಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. ನಮ್ಮ ಹುಡುಗರು ಗೆದ್ದರು. ಕೊನೆಯ ರೈಡಿನಲ್ಲಿ ಎರಡು ಪಾಯಿಂಟು ತಂದವನು ಬಿ.ಎ. ಮೊದಲ ವರ್ಷದ ಹುಡುಗ. 18 ತುಂಬಿ ನಾಲ್ಕು ತಿಂಗಳಾಗಿತ್ತು. ರಾತ್ರಿ ಹಾಸ್ಟೆಲ್ಲಿನ ತಾರಸಿಯ ಮೇಲೆ ‘ಟ್ರೀಟು’. ಅರ್ಧ ಗಂಟೆಯೊಳಗೆ ಆ ಹುಡುಗನ ಹೊಟ್ಟೆಗೆ ಮೂರು ನೈಂಟಿ ಇಳಿದಿತ್ತು. ಒಂದು ಗಂಟೆ ಹೊತ್ತಿಗೆ ಎಬ್ಬಿಸಿದರೆ ಏಳಲಿಲ್ಲ. ಮಜ್ಜಿಗೆ ತಂದು ಬಾಯಿಗೆ ಬಿಟ್ಟರು, ನಿಂಬೆಹಣ್ಣು ಹಿಂಡಿದರು, ಬಚ್ಚಲಿಗೆ ಹೊತ್ತುಕೊಂಡು ಹೋಗಿ ತಲೆಗೆ ತಣ್ಣೀರು ಸುರಿದರು. ಒಂದೂಮುಕ್ಕಾಲಿಗೆ ಕ್ಯಾಪ್ಟನ್ ಕೋಚ್‌ಗೆ ಫೋನ್ ಮಾಡಿದ. ಅವರು ಓಡಿ ಬಂದು, ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಸೇರಿಸಿದರು. ಹುಡುಗ ಉಳಿದ.

ಮಂಗಳವಾರ ಸಂಜೆ ಮೂವರೂ ಮೈದಾನದ ಸಿಮೆಂಟು ಮೆಟ್ಟಿಲ ಮೇಲೆ ಕೂತಿದ್ದೆವು. ಬುಧವಾರ ಬೆಳಿಗ್ಗೆ 10 ಗಂಟೆಗೆ ಪ್ರಿನ್ಸಿಪಾಲರ ಮೇಜಿನ ಮೇಲೆ ವರದಿ ಇರಬೇಕು. ನನ್ನ ತೊಡೆಯ ಮೇಲೆ ಏಳು ತಪ್ಪೊಪ್ಪಿಗೆ ಪತ್ರಗಳು. ಆರರಲ್ಲಿ ಒಂದೇ ವಾಕ್ಯ, ಯಾರೋ ಒಬ್ಬ ಬರೆದದ್ದನ್ನು ಉಳಿದವರು ನೋಡಿ ಇಳಿಸಿದ್ದು. ಕ್ಯಾಪ್ಟನ್‌ನ ಪತ್ರ ಮಾತ್ರ ಬೇರೆ. ಅದರಲ್ಲಿ ಕ್ಷಮೆ ಗಿಮೆ ಏನೂ ಇರಲಿಲ್ಲ. ಯಾವ ಹೊತ್ತಿಗೆ ಏನಾಯಿತು ಎಂಬುದಷ್ಟೇ, ಒಂದರ ಕೆಳಗೆ ಒಂದು.

ಮೇಷ್ಟ್ರು: ಬರ್ಕೊಳ್ಳಿ. ತಾರಸಿ ಮೇಲಿದ್ದ ಏಳು ಜನಾನೂ ಈ ವರ್ಷ ಕೋರ್ಟಿಗೆ ಕಾಲಿಡೋ ಹಾಗಿಲ್ಲ. ಹಾಸ್ಟೆಲ್ ಖಾಲಿ ಮಾಡ್ಬೇಕು. ಕ್ಯಾಪ್ಟನ್‌ಗೆ ಟಿ.ಸಿ. ಕೊಟ್ಟು ಕಳಿಸೋದು.

ಕೋಚ್: ಇನ್ನೂ ಬರೀಬೇಡಿ. ಹಾಸ್ಟೆಲ್ ಖಾಲಿ ಮಾಡಿ ಅಂದ್ರೆ ಅವರು ಎಲ್ಲಿಗೆ ಹೋಗ್ಬೇಕು ಸರ್? ಏಳರಲ್ಲಿ ಐದು ಜನ ಕ್ರೀಡಾ ಕೋಟಾದಲ್ಲಿ ಬಂದೋರು. ಫೀಸಿಲ್ಲ, ಮೆಸ್ಸಿಗೆ ದುಡ್ಡು ಕಟ್ಟೋ ಹಾಗಿಲ್ಲ, ಅದಕ್ಕೇ ಓದ್ತಿದಾರೆ. ಬಿ.ಕಾಂ. ಹುಡುಗ ಯಾರಾದ್ರೂ ರೂಮಲ್ಲಿ ಕುಡಿದು ಸಿಕ್ಕಿಬಿದ್ರೆ ಅಪ್ಪನ್ನ ಕರೆಸಿ ಬೈದು ಬಿಡ್ತೀವಿ. ಅದೇ ತಪ್ಪಿಗೆ ಇವರ ಓದೇ ನಿಂತುಹೋಗುತ್ತೆ.

ಮೇಷ್ಟ್ರು: ಇವನು ಕಾಲೇಜಿನ ಹೆಸರನ್ನ ಎದೆ ಮೇಲೆ ಹಾಕ್ಕೊಂಡು ಓಡಾಡ್ತಾನಲ್ಲಮ್ಮಾ. ಮೊಟ್ಟೆ ಹಾಲು ಕೊಡೋದು, ಬೂಟು ಕೊಡಿಸೋದು, ಯೂನಿವರ್ಸಿಟಿ ಬ್ಲೂ ಆಗ್ಲಿ ಅಂತ ನಾನು ಬೆಳಿಗ್ಗೆ ಐದೂವರೆಗೆ ವಿಷಲ್ ಹಿಡ್ಕೊಂಡು ನಿಲ್ಲೋದು, ಎಲ್ಲ ಆ ಮೈಯನ್ನ ನಂಬಿ. ಆ ಮೈಯನ್ನೇ ತಗೊಂಡು ಹೋಗಿ ಬಚ್ಚಲಲ್ಲಿ ಹಾಕಿದ್ರೆ?

ಕೋಚ್: ಮೈ ವಿಚಾರದಲ್ಲಿ ನಾನೂ ನಿಮ್ಮ ಕಡೇನೇ. ಲೆಕ್ಕ ಹೇಳ್ತೀನಿ ಕೇಳಿ. ನಮ್ಮ ವಿಸ್ಕಿ ಬ್ರಾಂದಿ ಬಾಟಲಿ ಮೇಲೆ ನೂರಕ್ಕೆ 42.8 ಅಂತ ಬರೆದಿರುತ್ತೆ. 90 ಎಂ.ಎಲ್. ಅಂದ್ರೆ ಹತ್ರಹತ್ರ 30 ಗ್ರಾಂ ಆಲ್ಕೋಹಾಲ್. ಮೂರು ನೈಂಟಿಗೆ 90 ಗ್ರಾಂ. ಲಿವರ್ ಗಂಟೆಗೆ ಕರಗಿಸೋದು ಏಳೆಂಟು ಗ್ರಾಂ, ಹೆಚ್ಚಂದ್ರೆ ಹತ್ತು. ರಾತ್ರಿ ಹನ್ನೆರಡಕ್ಕೆ ಕುಡಿದೋನು ಬೆಳಿಗ್ಗೆ ಆರಕ್ಕೆ ನಿಮ್ಮ ಮುಂದೆ ಬಂದು ತೊಡೆ ತಟ್ಟಿದಾಗ ಅರ್ಧದಷ್ಟು ಇನ್ನೂ ರಕ್ತದಲ್ಲೇ ಇರುತ್ತೆ.

ಮೇಷ್ಟ್ರು: ಅದು ನನಗೆ ಗ್ರಾಂ ಲೆಕ್ಕ ಇಲ್ಲದೇನೂ ಗೊತ್ತು. ಹಿಂದಿನ ರಾತ್ರಿ ಕುಡಿದೋನ ಕಾಲು ಬೋನಸ್ ಗೆರೆ ಹತ್ರ ಅರ್ಧ ಗೇಣು ಹಿಂದೆ ಬೀಳುತ್ತೆ. ಹಿಡಿಯೋರಿಗೆ ಅಷ್ಟು ಸಾಕು.

ಕೋಚ್: ಇನ್ನೊಂದಿದೆ. 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಎಂಟು ಜನ ಗಂಡಸರ ಮೇಲೆ ಒಂದು ಪ್ರಯೋಗ ಮಾಡಿದ್ರು. ಚೆನ್ನಾಗಿ ದುಡಿಸಿ, ಆಮೇಲೆ ಮೈ ತೂಕದ ಕೆ.ಜಿ.ಗೆ ಒಂದೂವರೆ ಗ್ರಾಂ ಲೆಕ್ಕದಲ್ಲಿ ಕುಡಿಸಿದ್ರು. ಜೊತೆಗೆ ಪ್ರೋಟೀನ್ ಕೊಟ್ರೂ ಸ್ನಾಯು ತನ್ನನ್ನ ತಾನು ಕಟ್ಕೊಳ್ಳೋ ಕೆಲಸ ನೂರಕ್ಕೆ 24ರಷ್ಟು ಇಳಿದುಹೋಯ್ತು. ನಮ್ಮ ಹುಡುಗ 60 ಕೆ.ಜಿ. ಒಂದೂವರೆ ಗ್ರಾಂ ಲೆಕ್ಕ ಅವನಿಗೆ ಎಷ್ಟಾಯ್ತು? 90 ಗ್ರಾಂ. ಸರಿಯಾಗಿ ಮೂರು ನೈಂಟಿ. ಬೆಳಗಿನಿಂದ ನೀವು ದುಡಿಸಿದ್ದರಲ್ಲಿ ಕಾಲು ಭಾಗ ಆ ರಾತ್ರಿ ಕಳ್ಕೊಂಡ ಹಾಗೆ.

ಮೇಷ್ಟ್ರು: ಇದನ್ನ ಹುಡುಗರ ಮುಂದೆ ಹೇಳಿದೀಯಾ?

ಕೋಚ್: ಬೋರ್ಡ್ ಮೇಲೆ ಬರೆದು ತೋರಿಸಿದೀನಿ. ತಲೆ ಆಡಿಸ್ತಾರೆ. ಆದ್ರೆ ಸರ್, ಹದಿನೆಂಟರ ಮೈ ಮಾರನೇ ದಿನಾನೂ ಓಡುತ್ತೆ, ಗೆಲ್ಲುತ್ತೆ. ಏನೂ ಆಗ್ಲಿಲ್ವಲ್ಲ ಅಂತ ಅವರು ನಂಬಿಬಿಡ್ತಾರೆ. ಪಾಠ ಹೇಳಿದ್ರೆ ಬಿಡ್ತಾರೆ ಅನ್ನೋದು ನನಗೂ ನಂಬಿಕೆ ಇಲ್ಲ.

ಮೇಷ್ಟ್ರು: ಹಾಗಾದ್ರೆ ದಂಡನೇ ಗತಿ. ಪಾಠ ನಾಟಲ್ಲ, ಭಯ ನಾಟುತ್ತೆ.

ಕೋಚ್: ಭಯ ನಾಟಿದ್ದಕ್ಕೇ ಶನಿವಾರ ರಾತ್ರಿ ಹೆಣ ಬೀಳೋದ್ರಲ್ಲಿತ್ತು. ಕ್ಯಾಪ್ಟನ್ ಪತ್ರ ಕೊಡಿ ಇಲ್ಲಿ.

ಕೊಟ್ಟೆ. ಮೊಬೈಲಿನ ಬೆಳಕಿನಲ್ಲಿ ಅವರು ಓದಿದರು. ‘12.10: ಶುರು ಮಾಡಿದೆವು. 12.40: ಅವನಿಗೆ ಮೂರನೆಯದು ಕೊಟ್ಟೆ. 1.00: ಕೂಗಿದರೆ ಏಳಲಿಲ್ಲ. 1.45: ಮೇಡಂಗೆ ಫೋನ್ ಮಾಡಿದೆ.’ ಒಂದು ಗಂಟೆಗೂ ಒಂದೂಮುಕ್ಕಾಲಿಗೂ ನಡುವೆ ಏನೂ ಬರೆದಿರಲಿಲ್ಲ.

ಕೋಚ್: ನಾನು ಹೋದಾಗ ಅವನನ್ನ ಅಂಗಾತ ಮಲಗಿಸಿದ್ರು. ತುಟಿ ನೀಲಿ. ಕೆನ್ನೆ ಮೇಲೆ ಮಜ್ಜಿಗೆ ಒಣಗಿತ್ತು. ಪ್ರಜ್ಞೆ ಇಲ್ಲದೋನ ಬಾಯಿಗೆ ಮಜ್ಜಿಗೆ ಬಿಟ್ರೆ ಅದು ಶ್ವಾಸಕ್ಕೆ ಹೋಗುತ್ತೆ. ತಣ್ಣೀರು ಹಾಕಿದ್ರೆ ಮೊದಲೇ ತಣ್ಣಗಾಗ್ತಿರೋ ಮೈ ಇನ್ನೂ ತಣ್ಣಗಾಗುತ್ತೆ. ಅಂಗಾತ ಇದ್ದಾಗ ವಾಂತಿ ಬಂದ್ರೆ ಅಲ್ಲೇ ಉಸಿರು ಕಟ್ಟುತ್ತೆ. ಕುಡಿಯೋದು ನಿಂತ ಮೇಲೂ ಸುಮಾರು ಹೊತ್ತು ರಕ್ತದಲ್ಲಿ ಅದು ಏರ್ತಾನೇ ಇರುತ್ತೆ ಸರ್, ಹೊಟ್ಟೇಲಿರೋದು ಇಳೀಬೇಕಲ್ಲ. ಮಲಗಲಿ ಬಿಡು, ಇಳಿಯುತ್ತೆ ಅಂತಾರಲ್ಲ, ಮಲಗಿರೋವಾಗಲೇ ಸಾಯೋದು. ಮಗ್ಗುಲಿಗೆ ತಿರುಗಿಸಿ, ಪಕ್ಕದಲ್ಲಿ ಒಬ್ಬರು ಕೂತು, 108ಕ್ಕೆ ಫೋನ್ ಮಾಡಿ: ಗೊತ್ತಿರಬೇಕಾದ್ದು ಇಷ್ಟೇ. ಏಳು ಜನಕ್ಕೂ 108 ಗೊತ್ತಿತ್ತು. ಯಾಕೆ ಮಾಡ್ಲಿಲ್ಲ? ಮಾಡಿದ್ರೆ ನಿಮಗೆ ಗೊತ್ತಾಗುತ್ತೆ, ನಿಮಗೆ ಗೊತ್ತಾದ್ರೆ ತಂಡ ಹೋಯ್ತು.

ಮೇಷ್ಟ್ರು: ಅಂದ್ರೆ ತಪ್ಪು ನಂದು ಅಂತೀಯಾ?

ಕೋಚ್: ತಪ್ಪು ಯಾರದು ಅಂತ ಹೇಳ್ತಿಲ್ಲ. ಅವರು ಹೆದರಿದ್ದು ಯಾವುದಕ್ಕೆ ಅಂತ ಹೇಳ್ತಿದೀನಿ. ಅಮೆರಿಕದಲ್ಲಿ ಕುಡಿಯೋ ವಯಸ್ಸು 21. ಹಾಗೆ ಮಾಡದ ರಾಜ್ಯಕ್ಕೆ ಹೆದ್ದಾರಿ ದುಡ್ಡು ಕಡಿತ ಮಾಡ್ತೀವಿ ಅಂತ ಕೇಂದ್ರ ಸರ್ಕಾರ 1984ರಲ್ಲಿ ಕಾಯ್ದೆ ತಂತು. ಆದ್ರೂ ಅಲ್ಲಿನ ಕಾಲೇಜುಗಳಲ್ಲಿ ಒಂದೇ ಸಲಕ್ಕೆ ವಿಪರೀತ ಕುಡಿಯೋದು ನಿಲ್ಲಲಿಲ್ಲ. ಹಾರ್ವರ್ಡ್‌ನವರು 1993ರಿಂದ ಮಾಡಿದ ಸಮೀಕ್ಷೆಗಳಲ್ಲಿ, ಹಾಗೆ ಕುಡಿಯೋರಲ್ಲಿ ಬೇರೆ ಹುಡುಗರಿಗಿಂತ ಆಟಗಾರರೇ ಹೆಚ್ಚು ಅಂತ ಬಂತು.

ಮೇಷ್ಟ್ರು: ಆಟಗಾರರೇ? ಮೈ ಕಾಯೋರೇ?

ಕೋಚ್: ಅವರೇ. ತಂಡ ಅಂದ್ರೆ ಸಂಸಾರ ಇದ್ದ ಹಾಗಲ್ವಾ ಸರ್? ಎಲ್ಲರೂ ಮಾಡಿದ್ದನ್ನ ಒಬ್ಬ ಬಿಡೋದು ಕಷ್ಟ. ಗೆದ್ರೂ ಕುಡಿಬೇಕು, ಸೋತ್ರೂ ಕುಡಿಬೇಕು. ಅಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು 2002ರಲ್ಲಿ ಒಂದು ನಿಯಮ ತಂದ್ರು. ಸ್ನೇಹಿತ ಬಿದ್ದಿದಾನೆ ಅಂತ ಆಂಬುಲೆನ್ಸ್ ಕರೆದೋರ ಮೇಲೂ ಬಿದ್ದೋನ ಮೇಲೂ ಕುಡಿದಿದ್ದಕ್ಕೆ ಶಿಸ್ತು ಕ್ರಮ ಇಲ್ಲ. ಬದಲಿಗೆ ಆಪ್ತಸಲಹೆ. ಆಮೇಲೆ ಫೋನ್ ಮಾಡೋರ ಸಂಖ್ಯೆ ಏರಿತು. ಎಷ್ಟೋ ಕಾಲೇಜುಗಳು ಅಂಥದ್ದೇ ನಿಯಮ ಮಾಡ್ಕೊಂಡವು.

ಮೇಷ್ಟ್ರು: ಅಲ್ಲಿ ಸಲಹೆ ಕೊಡೋರು ಕ್ಯಾಂಪಸ್ಸಲ್ಲೇ ಇರ್ತಾರೆ. ನಮ್ಮಲ್ಲಿ? ಸೈಕಾಲಜಿ ಮೇಡಂ ವರ್ಗವಾಗಿ ಎರಡು ವರ್ಷ ಆಯ್ತು. ಶಿಕ್ಷೆ ತೆಗೆದುಬಿಟ್ಟು ಆ ಜಾಗದಲ್ಲಿ ಏನಿಡ್ತೀಯ? ಖಾಲಿ ಕುರ್ಚಿನಾ?

ಕೋಚ್: ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ, ಮನೋಚೈತನ್ಯ ಕಾರ್ಯಕ್ರಮದಲ್ಲಿ. 14416 ಸಹಾಯವಾಣಿಗೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ. ನಾನೇ ಕರ್ಕೊಂಡು ಹೋಗ್ತೀನಿ.

ಮೇಷ್ಟ್ರು: ನೀನು ಎಷ್ಟು ದಿನ ಇಲ್ಲಿರ್ತೀಯ? ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ಒಬ್ಬರ ಒಳ್ಳೇತನದ ಮೇಲೆ ನಿಂತಿದ್ದು ಅವರು ಹೋದ ದಿನ ಬಿದ್ದುಹೋಗುತ್ತೆ. ಶಿಕ್ಷೆ ಆದ್ರೆ ಕಾಗದದ ಮೇಲಿರುತ್ತೆ.

ಈ ಮಾತಿಗೆ ಕೋಚ್ ಹತ್ತಿರ ಉತ್ತರ ಇರಲಿಲ್ಲ. ಇಂಥ ಕಾಲೇಜುಗಳಲ್ಲಿ ಒಳ್ಳೆಯ ಕೆಲಸವೆಲ್ಲ ಹೀಗೇ ಯಾರೋ ಒಬ್ಬರ ಹೆಗಲ ಮೇಲೆ ನಡೆಯುತ್ತದೆ, ಅವರಿಗೆ ವರ್ಗವಾದಾಗ ನಿಲ್ಲುತ್ತದೆ. ಎದುರಿಗೆ ಪಿ.ಯು. ಹುಡುಗರು ವಾಲಿಬಾಲ್ ನೆಟ್ಟು ಬಿಚ್ಚುತ್ತಿದ್ದರು. ಮೇಷ್ಟ್ರು ಬಹಳ ಹೊತ್ತು ಅವರನ್ನೇ ನೋಡುತ್ತಿದ್ದರು.

ಮೇಷ್ಟ್ರು: ಹದಿನಾಲ್ಕು ವರ್ಷದ ಹಿಂದೆ ನನ್ನ ತಂಡದಲ್ಲಿ ಒಬ್ಬ ಲೆಫ್ಟ್ ಕಾರ್ನರ್ ಇದ್ದ. ಅವನು ಪಾದ ಹಿಡಿದ ಅಂದ್ರೆ ಮುಗೀತು, ಬಿಡಿಸ್ಕೊಂಡು ಹೋದೋರಿಲ್ಲ. ರೈಲ್ವೆಯಿಂದ ಟ್ರಯಲ್ಸ್‌ಗೆ ಕರೆ ಬಂದಿತ್ತು. ಒಂದಿನ ಕುಡಿದು ಹಾಸ್ಟೆಲ್ಲಿಗೆ ಬಂದು ನನ್ನ ಕೈಗೆ ಸಿಕ್ಕಿಬಿದ್ದ. ಕಾಲಿಗೆ ಬಿದ್ದ. ಹುಡುಗ್ರು, ಹೋಗ್ಲಿ ಅಂತ ಒಂದು ಕಾಗದ ಬರೆಸ್ಕೊಂಡು ಬಿಟ್ಟೆ. ಮನೆಗೂ ಹೇಳ್ಲಿಲ್ಲ. ಸರಿಯಾಗಿ ಹತ್ತು ದಿನ. ಒಂದು ಟೂರ್ನಮೆಂಟು ಗೆದ್ದು, ಕುಡಿದು, ಬೈಕಲ್ಲಿ ಬರ್ತಾ ಮೋರಿಗೆ ಹೊಡೆದ.

ಕೋಚ್: ಕೇಳಿದೀನಿ ಸರ್.

ಮೇಷ್ಟ್ರು: ಕೇಳಿರ್ತೀಯ. ಅವನ ಅಪ್ಪ ಕೇಳಿದ್ದನ್ನ ನೀನು ಕೇಳಿರಲ್ಲ. ಶವಾಗಾರದ ಮುಂದೆ ನಿಂತಿದ್ದೆ. ಆ ಮನುಷ್ಯ ಅಳ್ಲಿಲ್ಲ, ಬೈಲಿಲ್ಲ. ಅವನ ಸ್ನೇಹಿತರು ಯಾರೋ ಹೇಳಿಬಿಟ್ಟಿದ್ರು. ‘ಮೊದಲ್ನೇ ಸಲ ಸಿಕ್ಕಾಗ್ಲೇ ನಮಗ್ಯಾಕೆ ಹೇಳ್ಲಿಲ್ಲ ಸ್ವಾಮಿ?’ ಅಂದ. ಅಷ್ಟೇ. ಆವತ್ತಿಂದ ಯಾರಿಗೂ ಎರಡನೇ ಅವಕಾಶ ಅಂತ ಕೊಟ್ಟಿಲ್ಲ ನಾನು. ಕೊಡೋಕೆ ಕೈ ಬರಲ್ಲ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೇಷ್ಟ್ರೇ, ಮಾತು ಬದಲಿಸುವವರ ಹಾಗೆ ಅಂದರು:

ಮೇಷ್ಟ್ರು: ಒಂದು ಸಮಾಧಾನ. ಹುಡುಗಿಯರ ತಂಡದಲ್ಲಿ ಈ ಕಾಟ ಇಲ್ಲ.

ಕೋಚ್: ಇಲ್ಲ ಅಂತ ಯಾರು ಹೇಳಿದ್ರು ಸರ್?

ಮೇಷ್ಟ್ರು: ಮೂವತ್ತು ವರ್ಷದಲ್ಲಿ ನಾನು ನೋಡಿಲ್ಲ.

ಕೋಚ್: ನಿಮಗೆ ಕಾಣೋ ಹಾಗೆ ನಾವು ಇರ್ಲಿಲ್ಲ. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೊರ ರಾಜ್ಯಕ್ಕೆ ಹೋಗಿದ್ವಿ. ರಿಲೇಲಿ ಕಂಚು ಬಂತು. ರಾತ್ರಿ ರೂಮಲ್ಲಿ ನಾಲ್ಕು ಜನ. ಒಬ್ಬಳು ಯಾರಿಂದಲೋ ತರಿಸಿದ್ಲು. ನಾನೂ ಎರಡು ಗುಟುಕು ಕುಡಿದೆ. ಅವಳು ಜಾಸ್ತಿ ಕುಡಿದ್ಲು. ಹನ್ನೊಂದು ಗಂಟೆ ಮೇಲೆ ಮಾತು ನಿಂತುಹೋಯ್ತು. ಕೈ ತಣ್ಣಗೆ. ಬಾಗಿಲಿಗೆ ಚಿಲಕ ಹಾಕ್ಕೊಂಡು, ಅವಳ ಮೂಗಿನ ಹತ್ರ ಕೈ ಇಟ್ಕೊಂಡು, ಬೆಳಗಾಗೋವರೆಗೂ ಉಸಿರು ಎಣಿಸಿದೆ. ನಾಲ್ಕೂವರೆ ಹೊತ್ತಿಗೆ ಒಂದು ಸಲ ನಿಂತ ಹಾಗಾಯ್ತು. ಆವಾಗ್ಲೂ ಬಾಗಿಲು ತೆಗೀಲಿಲ್ಲ ಸರ್ ನಾನು. ಎದುರು ರೂಮಲ್ಲೇ ಮ್ಯಾನೇಜರ್ ಮಲಗಿದ್ರು. ಹುಡುಗಿಯರು ಕುಡಿದ್ರು ಅಂತ ಗೊತ್ತಾದ್ರೆ ಓದು ಬಿಡಿಸಿ ಮದುವೆ ಮಾಡ್ತಾರೆ, ಅದೊಂದೇ ತಲೇಲಿ.

ಮೇಷ್ಟ್ರು: ಮ್ಯಾನೇಜರ್ ಯಾರಿದ್ರು?

ಕೋಚ್: ನೀವೇ.

ಮೇಷ್ಟ್ರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟರು.

ಮೇಷ್ಟ್ರು: ಬಾಗಿಲು ತಟ್ಟಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ.

ಕೋಚ್: ಹೌದು. ಆಮೇಲೆ?

ಮೇಷ್ಟ್ರು: ಆಮೇಲೆ ನಾಲ್ಕು ಜನರ ಮನೆಗೂ ಹೇಳ್ತಿದ್ದೆ. ತಂಡದಿಂದ ತೆಗೀತಿದ್ದೆ. ನೀನು ಇವತ್ತು ಇಲ್ಲಿ ಕೂತಿರ್ತಿರ್ಲಿಲ್ಲ.

ಕೋಚ್: ಅದಕ್ಕೇ ತಟ್ಟಲಿಲ್ಲ.

ಅವರು ಸುಳ್ಳು ಹೇಳಬಹುದಿತ್ತು. ‘ಬಿಟ್ಟುಬಿಡ್ತಿದ್ದೆ ಕಣಮ್ಮಾ’ ಅಂದಿದ್ದರೆ ಆ ಸಂಜೆ ಅಲ್ಲಿಗೇ ಸಲೀಸಾಗಿ ಮುಗಿಯುತ್ತಿತ್ತು. ಹೇಳಲಿಲ್ಲ. ಆ ಮನುಷ್ಯನ ಮೇಲೆ ನನಗಿರುವ ಗೌರವ ಆ ಗಳಿಗೆಯಲ್ಲಿ ಹೆಚ್ಚಿತು. ಕೋಚ್ ಹೇಳುವುದು ಸರಿ ಅಂತಲೂ ಅದೇ ಗಳಿಗೆಯಲ್ಲಿ ಅನ್ನಿಸಿತು.

ಮೇಷ್ಟ್ರು: ಸರಿ. ಫೋನ್ ಮಾಡಿದೋರಿಗೆ ಶಿಕ್ಷೆ ಬೇಡ ಅನ್ನು. ಬಿದ್ದೋನಿಗೂ ಬೇಡ, ಅವನು ಪಡಬಾರದ ಪಾಡು ಪಟ್ಟಿದಾನೆ. ಕುಡಿಸಿದೋನು?

ಕೋಚ್: ಅವನನ್ನ ಬಿಡಿ ಅಂತ ನಾನು ಹೇಳ್ತಿಲ್ಲ. ಜೂನಿಯರ್‌ಗೆ ಇಷ್ಟ ಇಲ್ಲದ್ದನ್ನ ಸೀನಿಯರ್ ಒತ್ತಾಯ ಮಾಡಿ ಮಾಡ್ಸಿದ್ರೆ ಅದು ರ‍್ಯಾಗಿಂಗ್. 2009ರ ಯು.ಜಿ.ಸಿ. ನಿಯಮ ಸ್ಪಷ್ಟವಾಗಿದೆ. ತಂಡಕ್ಕೆ ಸೇರಿಸ್ಕೊಳ್ಳೋ ಶಾಸ್ತ್ರ ಅಂತ ಅದಕ್ಕೆ ಇನ್ನೊಂದು ಹೆಸರು ಕೊಟ್ರೂ ರ‍್ಯಾಗಿಂಗೇ. ನಾಲ್ಕು ತಿಂಗಳ ಹಿಂದೆ ಆಗಿದ್ರೆ ಇನ್ನೂ ದೊಡ್ಡದು. 18 ಆಗದ ಮಗುವಿಗೆ ಮದ್ಯ ಕೊಟ್ರೆ 2015ರ ಬಾಲನ್ಯಾಯ ಕಾಯ್ದೆ 77ನೇ ಸೆಕ್ಷನ್ನಲ್ಲಿ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಆ ನೆಟ್ ಬಿಚ್ಚುತಿದಾರಲ್ಲ, ಆ ಪಿ.ಯು. ಹುಡುಗರಲ್ಲಿ ಮುಕ್ಕಾಲು ಪಾಲು ಮಕ್ಕಳೇ, ಕಾನೂನಿನ ಕಣ್ಣಲ್ಲಿ.

ಮೇಷ್ಟ್ರು: ಅಂದ್ರೆ ಕುಡಿಸಿದೋನಿಗೆ ಶಿಕ್ಷೆ, ಕರೆದೋನಿಗೆ ಮಾಫಿ.

ಕೋಚ್: ಹೌದು.

ಮೇಷ್ಟ್ರು: ಆ ಪತ್ರ ಇನ್ನೊಂದು ಸಲ ಓದು. 12.40ಕ್ಕೆ ಮೂರನೇದು ಕೊಟ್ಟೋನು ಯಾರು? 1.45ಕ್ಕೆ ನಿನಗೆ ಫೋನ್ ಮಾಡಿದೋನು ಯಾರು?

ಕೋಚ್ ಪತ್ರವನ್ನು ನೋಡಿದರು. ಅದೇ ಹುಡುಗ.

ಮೇಷ್ಟ್ರು: ಈಗ ಹೇಳು. ಶಿಕ್ಷೆ ಕೊಟ್ರೆ ಮುಂದಿನ ಕ್ಯಾಪ್ಟನ್ ನಿನಗೆ ಫೋನ್ ಮಾಡಲ್ಲ, ಹೆಣ ಬೀಳುತ್ತೆ. ಕೊಡದಿದ್ರೆ ಕುಡಿಸೋನು ಫೋನ್ ಒಂದು ಮಾಡಿ ಪಾರಾಗೋದು ಕಲೀತಾನೆ. ಇದೂ ಅಲ್ಲದೆ ಈ ಕ್ಯಾಪ್ಟನ್ನಿಗೆ ಇನ್ನೂ 20. ಎರಡು ವರ್ಷದ ಹಿಂದೆ ಇದೇ ತಾರಸಿ ಮೇಲೆ ಇವನಿಗೆ ಯಾರು ಕುಡಿಸಿದ್ರು ಅಂತ ನನಗೆ ಗೊತ್ತು. ಅವನಿಗೆ ಯಾರು ಕುಡಿಸಿದ್ರು ಅನ್ನೋದೂ ಗೊತ್ತು. ಈ ದಾರ ಎಲ್ಲಿ ಕತ್ತರಿಸ್ತೀಯ?

ಕೋಚ್: ಗೊತ್ತಿತ್ತಾ ನಿಮಗೆ?

ಮೇಷ್ಟ್ರು: ಆಮೇಲೆ ಗೊತ್ತಾಯ್ತು.

ಕೋಚ್: ಗೊತ್ತಾದ ಮೇಲೆ ಸುಮ್ಮನಿದ್ರಿ.

ಮೇಷ್ಟ್ರು: ಯೂನಿವರ್ಸಿಟಿ ಸೆಲೆಕ್ಷನ್ ಹತ್ರ ಇತ್ತು.

ಕೋಚ್: ನೋಡಿ ಸರ್, ನಿಮ್ಮ ಕಠಿಣ ಶಿಕ್ಷೆಯ ಬಗ್ಗೆ ನನಗಿರೋ ತಕರಾರೇ ಅದು. ಅದು ಅಷ್ಟು ದೊಡ್ಡದು, ಅದನ್ನ ಕೊಡೋಕೆ ನಮಗೇ ಕೈ ಬರಲ್ಲ. ಹಾಗಾಗಿ ಕಾಣದ ಹಾಗೆ ಇರ್ತೀವಿ. ಯಾವತ್ತೋ ಒಂದಿನ ಆಸ್ಪತ್ರೆವರೆಗೆ ಹೋಗಿ ಮುಚ್ಚಿಡೋಕೆ ಆಗದೇ ಇದ್ದಾಗ ಕೈಗೆ ಸಿಕ್ಕೋನ ತಲೆ ಮೇಲೆ ಎಲ್ಲಾನೂ ಹಾಕ್ತೀವಿ. ಚಿಕ್ಕ ಶಿಕ್ಷೆ, ಆದ್ರೆ ಪ್ರತಿ ಸಲಾನೂ. ಹಾಗೆ ಮಾಡೋಣ.

ಮೇಷ್ಟ್ರು: ಚಿಕ್ಕದು ಅಂದ್ರೆ?

ಕೋಚ್: ಮೊದಲ ಸಲ ಕುಡಿದು ಸಿಕ್ಕಿದ್ರೆ ಎರಡು ಪಂದ್ಯ ಹೊರಗೆ. ಮೆಸ್ಸೂ ಬೇಡ, ರೂಮೂ ಬೇಡ, ಅವೆರಡನ್ನ ಮುಟ್ಟಬಾರದು. ಪ್ರಾಕ್ಟೀಸಿಗೆ ಬರ್ಲೇಬೇಕು, ಮಂಗಳವಾರ ಡಾಕ್ಟರ ಹತ್ರ ಹೋಗ್ಲೇಬೇಕು. ಮನೆಗೆ ಹೇಳ್ಬೇಕು. ಅದು ನಿಮ್ಮ ಮಾತು, ಒಪ್ತೀನಿ.

ಮೇಷ್ಟ್ರು: ಹುಡುಗಿಯರ ಮನೆಗೂ?

ಕೋಚ್ ತಕ್ಷಣ ಉತ್ತರಿಸಲಿಲ್ಲ.

ಕೋಚ್: ಅದು ಯೋಚನೆ ಮಾಡ್ಬೇಕು ಸರ್. ಹುಡುಗನ ಅಪ್ಪ ಎರಡು ಏಟು ಹೊಡೆದು ವಾಪಸ್ ಕಳಿಸ್ತಾನೆ. ಹುಡುಗಿ ವಾಪಸ್ ಬರಲ್ಲ.

ಮೇಷ್ಟ್ರು: ಈಗ ಎರಡು ತಕ್ಕಡಿ ಹಿಡಿದೋಳು ನೀನು.

ಕೋಚ್: ಹೌದು. ಊರೇ ಎರಡು ತಕ್ಕಡಿ ಹಿಡಿದಿದೆ, ನಾನೊಬ್ಬಳು ಒಂದೇ ಹಿಡ್ಕೊಂಡ್ರೆ ಅನ್ಯಾಯ ಆಗೋದು ಅವಳಿಗೇ.

ಬಾಟಲಿ ಬಂದದ್ದು ಎಲ್ಲಿಂದ ಎಂದು ನಾನು ಕೇಳಿದೆ. ಅದುವರೆಗೆ ಯಾರೂ ಅದನ್ನು ಎತ್ತಿರಲಿಲ್ಲ.

ಮೇಷ್ಟ್ರು: ಅಂಗಡಿಯೋರು ಕೊಟ್ಟಿರ್ತಾರೆ. 21 ತುಂಬದೋರಿಗೆ ಮಾರಬಾರದು ಅಂತ 1967ರ ಅಬಕಾರಿ ನಿಯಮದಲ್ಲಿದೆ, ಕಾಯ್ದೆಯಲ್ಲಿ ನೋಡಿದ್ರೆ 18. 2023ರ ಜನವರಿಯಲ್ಲಿ ನಿಯಮದಲ್ಲೂ 18 ಮಾಡೋಕೆ ಹೋಗಿ, ಜನ ಬೇಡ ಅಂದ ಮೇಲೆ ಕೈಬಿಟ್ರು. ಎಷ್ಟಿದ್ರೇನು, ವಯಸ್ಸಿನ ಚೀಟಿ ಕೇಳೋರು ಯಾರು?

ಕೋಚ್: ಅಂಗಡಿಯಿಂದ ಬಂದಿಲ್ಲ ಸರ್. ಟೂರ್ನಮೆಂಟು ನಡೆಸಿದೋರು ಕೊಟ್ಟಿದ್ದು. ಕಪ್ಪಿನ ಜೊತೆ ವ್ಯಾನಿನ ಸೀಟ್ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ರು. ‘ಹುಡುಗರಿಗೆ ಏನಾದ್ರೂ ವ್ಯವಸ್ಥೆ ಮಾಡಿದೀವಿ’ ಅಂತ ನಿಮ್ಮ ಹತ್ರ ಹೇಳಿದ್ರಂತಲ್ಲ.

ಮೇಷ್ಟ್ರು: ಊಟ ಅನ್ಕೊಂಡೆ.

ಕೋಚ್: ಊಟ ಅಲ್ಲೇ ಹಾಕಿದ್ರು.

ಆ ಬಹುಮಾನ ವಿತರಣೆಗೆ ನಾನೂ ಹೋಗಿದ್ದೆ. ವೇದಿಕೆಯ ಮೇಲೆ ಶಾಲು ಹೊದಿಸಿಕೊಂಡೆ. ಅಂಥ ‘ವ್ಯವಸ್ಥೆ’ಯ ಮಾತು ಇಂಥ ವೇದಿಕೆಗಳ ಹಿಂದೆ ಎಷ್ಟು ಸಲ ಕಿವಿಗೆ ಬಿದ್ದಿದೆ, ಎಷ್ಟು ಸಲ ನಕ್ಕು ಮುಂದೆ ಹೋಗಿದ್ದೇನೆ! ನಮ್ಮ ಸೀಮೆಯಲ್ಲಿ ಗೆದ್ದವರಿಗೆ ದುಡ್ಡಿನ ಜೊತೆ ಬಾಟಲಿಯೂ ಸಲ್ಲಬೇಕೆಂಬ ಮರ್ಯಾದೆ ಯಾವಾಗ ಹುಟ್ಟಿತೋ ತಿಳಿಯದು. ಏಳು ಹುಡುಗರ ಹೆಸರಿರುವ ವರದಿಯಲ್ಲಿ ಆ ಪೆಟ್ಟಿಗೆ ಕೊಟ್ಟವರ ಸುದ್ದಿ ಇಲ್ಲದಿದ್ದರೆ ಅದು ವರದಿಯೇ ಅಲ್ಲ ಎಂದು ಹೇಳಿದೆ. ಇಬ್ಬರೂ ಹೂಂ ಅಂದರು. ಮುಂದೆ ಹೊರಗಿನ ಪಂದ್ಯಾವಳಿಗೆ ಹೋಗಬೇಕಾದರೆ ಕಾಲೇಜಿನ ಒಪ್ಪಿಗೆ ಪತ್ರ ಬೇಕು, ಮದ್ಯ ಹಂಚುವವರ ಮೈದಾನಕ್ಕೆ ಎರಡನೇ ಸಲ ತಂಡ ಹೋಗುವುದಿಲ್ಲ ಎಂದು ಬರೆದೆ. ಮೂವರಿಗೂ ಪೂರ್ತಿ ಒಪ್ಪಿಗೆಯಾದದ್ದು ಈ ಒಂದು ಸಾಲು.

ಮೇಷ್ಟ್ರು: ಆರು ಜನಕ್ಕೆ ಎರಡು ಪಂದ್ಯ ಅಂತ ಬರ್ಕೊಳ್ಳಿ. ಮನಸ್ಸಿಗೆ ಒಪ್ಪಿಲ್ಲ, ಆದ್ರೂ ಬರ್ಕೊಳ್ಳಿ. ಕ್ಯಾಪ್ಟನ್ನನ್ನ ಹೊರಗೆ ಹಾಕೋದರಲ್ಲಿ ಮಾತ್ರ ನಾನು ಬದಲಾಗಲ್ಲ.

ಕೋಚ್: ಕ್ಯಾಪ್ಟನ್ಸಿ ತೆಗೀರಿ, ಸೀಸನ್ ಪೂರ್ತಿ ಆಡಿಸಬೇಡಿ. ಟಿ.ಸಿ. ಕೊಡ್ಬೇಡಿ. ತಾನೇ ಕುಡಿಸಿದ್ದು ಅಂತ ಬರೆದುಕೊಟ್ಟಿದಾನೆ ಸರ್ ಅವನು. ಯಾರೂ ಕೇಳಿರ್ಲಿಲ್ಲ.

ಮೇಷ್ಟ್ರು: ಬರೆದುಕೊಟ್ಟ ಮಾತ್ರಕ್ಕೆ ಆ ಹುಡುಗನ ತುಟಿ ನೀಲಿಯಾಗಿದ್ದು ಇಲ್ಲ ಅಂತಾಗಲ್ಲ.

ಕೋಚ್: ಆಗಲ್ಲ.

ಆಗ ಗೇಟಿನ ಹತ್ತಿರ ಆಟೋ ನಿಂತಿತು. ಕ್ಯಾಪ್ಟನ್ ಇಳಿದ. ಒಂದು ಕೈಯಲ್ಲಿ ಆಸ್ಪತ್ರೆಯ ಪ್ಲಾಸ್ಟಿಕ್ ಕವರು, ಇನ್ನೊಂದು ಕೈ ಆ ಹುಡುಗನ ತೋಳಿಗೆ. ಹುಡುಗ ಪಂದ್ಯದ ದಿನದ ಜರ್ಸಿಯನ್ನೇ ತೊಟ್ಟಿದ್ದ, ಯಾರೋ ಒಗೆದು ಕೊಟ್ಟಿದ್ದರು. ನಮ್ಮನ್ನು ಕಂಡು ಇಬ್ಬರೂ ನಿಂತರು. ಹುಡುಗನನ್ನು ಒಳಗೆ ಹೋಗಲು ಹೇಳಿ ಮೇಷ್ಟ್ರು ಕ್ಯಾಪ್ಟನ್‌ನನ್ನು ಕರೆದರು.

‘ಒಂದು ಗಂಟೆಗೆ ಏಳಲಿಲ್ಲ ಅಂತ ಬರೆದಿದೀಯ. ಒಂದೂಮುಕ್ಕಾಲಿಗೆ ಫೋನ್ ಮಾಡ್ದೆ ಅಂತ ಬರೆದಿದೀಯ. ನಡುವೆ ಏನು ಮಾಡ್ತಿದ್ದೆ?’

ಹುಡುಗ ಕವರನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ.

‘ಮೊದಲು ನಿಮ್ಮ ನಂಬರೇ ತೆಗ್ದಿದ್ದು ಸರ್. ಎರಡು ಸಲ ತೆಗ್ದು ಇಟ್ಟೆ.’

ಮೇಷ್ಟ್ರು ಏನೂ ಅನ್ನಲಿಲ್ಲ. ಅವನು ಹೋದ ಮೇಲೆ ನನ್ನ ಕೈಯಿಂದ ಆ ಪತ್ರ ಇಸಿದುಕೊಂಡು, ಒಂದು ಗಂಟೆಗೂ ಒಂದೂಮುಕ್ಕಾಲಿಗೂ ನಡುವಿನ ಖಾಲಿ ಜಾಗವನ್ನು ಹೆಬ್ಬೆರಳಿನಿಂದ ಸವರಿ, ಮಡಚಿ ಜೇಬಿಗಿಟ್ಟುಕೊಂಡರು. ‘ಕ್ಯಾಪ್ಟನ್ ವಿಚಾರ ಖಾಲಿ ಬಿಡಿ. ಬೆಳಿಗ್ಗೆ ನೋಡೋಣ’ ಅಂದರು. ಕೋಚ್ ವರದಿಯ ಕೊನೆಗೆ ಸಹಿ ಹಾಕಿದರು, ಮೇಷ್ಟ್ರು ಹಾಕಲಿಲ್ಲ.